ಕೊನೇ ದಿನಾಂಕ ಮುಗಿದ ಮ್ಯಾಲೆ ಕೇರಿಗೆ ಬರೋ ಸುದ್ದಿ



ಇವತ್ತು ಸ್ವಲ್ಪ ಉದ್ದ ಬರೀತೀನಿ, ಅರ್ಧಕ್ಕ ಬಿಟ್ಟು ಹೋಗಬ್ಯಾಡ್ರಿ. ಇದರೊಳಗ ಬೈಗುಳ ಐತಿ. ದಿಲ್ಲಿಗೂ ಐತಿ, ಬೆಂಗಳೂರಿಗೂ ಐತಿ, ನಮ್ಮ ಚಳವಳಿಗೂ ಐತಿ. ಆದ್ರ ಮೊದಲನೇ ಬೈಗುಳ ನನಗ.

ಹೋದ ರವಿವಾರ ಮಧ್ಯಾಹ್ನ ನಮ್ಮ ಕೇರಿಗೆ ಒಬ್ಬ ಹುಡುಗಿ ಬಂದಳು. ಕೈಯಾಗ ಟ್ಯಾಬ್, ಕೊರಳಾಗ ಐಡಿ ಕಾರ್ಡ್. ಬಿಸಿಲಾಗ ಮನಿ ಮನಿ ತಿರುಗಿ ಸರ್ವೇ ಮಾಡಾಕತ್ತಿದ್ದಳು. ನಮ್ಮ ಕಟ್ಟಿ ಮುಂದ ನಿಂತು ಪ್ರಶ್ನೆ ಓದಿದಳು: "ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಕುಟುಂಬದಿಂದ ಕೆಲಸಕ್ಕಾಗಿ ವಲಸೆ ಹೋದವರ ಸಂಖ್ಯೆ ಎಷ್ಟು?" ಓದಿ ತಲಿ ಎತ್ತಿದಳು. ಆಗ ನಾನು ಆಕೀನ ಗುರುತು ಹಿಡಿದೆ, ಆಕಿ ನನ್ನ ಗುರುತು ಹಿಡಿದಳು.

"ಕಾಕಾ, ನಿಮ್ಮದು ಇದ ಊರೇನ್ರಿ?" ಅಂದಳು.

ಈ ಹುಡುಗಿ ಸಮಾಜಶಾಸ್ತ್ರದಾಗ ಎಂಎ ಮಾಡ್ಯಾಳ. ಪಿಎಚ್‌ಡಿಗೆ ನೋಂದಣಿಯೂ ಆಗಿತ್ತು. ಆಕಿ ಆರಿಸಿಕೊಂಡ ವಿಷಯ ಏನು ಗೊತ್ತೇನ್ರಿ? ನಮ್ಮ ಭಾಗದಿಂದ ಮಹಾರಾಷ್ಟ್ರಕ್ಕ ಕಬ್ಬು ಕಡಿಯಾಕ, ಗೋವಾಕ್ಕ ಕಟ್ಟಡ ಕೆಲಸಕ್ಕ ಹೋಗೋ ದಲಿತ ಹೆಣ್ಣುಮಕ್ಕಳ ಬದುಕು. ಯಾಕಂದ್ರ ಆಕಿ ಅವ್ವ ಕಬ್ಬಿನ ಗ್ಯಾಂಗಿನಾಗ ಹೋಗಾಕಿ. ಕೊಪ್ಪಿಯೊಳಗ ಹೆಂಗ ಇರ್ತಾರ, ಹೊಟ್ಟಿ ಬೇನಿ ಬಂದ್ರೂ ಮೋಳಿಗಿ ಹೆಂಗ ಕಟ್ತಾರ, ಮುಕ್ಕದ್ದಮನ ಮುಂಗಡ ಹೆಂಗ ತೀರಸ್ತಾರ, ಇದೆಲ್ಲಾ ಆಕಿಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಸಾಲಿ ಸೂಟಿಯೊಳಗ ಅವ್ವನ ಜೋಡಿ ಹೋಗಿ ಕಂಡಿದ್ದು.

ಈಗ ಆ ಹುಡುಗಿ ಅದ ವಲಸೆ ಬಗ್ಗೆ, ಅದ ಊರುಗಳಾಗ, ಬ್ಯಾರೆ ಯಾರದೋ ಸಂಶೋಧನೆಗೆ ಮನಿಗಿಷ್ಟು ಅಂತ ರೊಕ್ಕ ತಗೊಂಡು ಫಾರ್ಮ್ ತುಂಬಾಕತ್ತಾಳ. ಪಿಎಚ್‌ಡಿ ಏನಾತವ್ವಾ ಅಂತ ಕೇಳಿದೆ. "ನಿಂತೈತ್ರಿ ಕಾಕಾ. ಫೀ ಕಟ್ಟೋದು ಆಗಲಿಲ್ಲ" ಅಂದಳು. ಸಿಟ್ಟಿನಿಂದ ಅನಲಿಲ್ಲ. ಸಿಟ್ಟಿನಿಂದ ಅಂದಿದ್ರ ನಾನು ಈ ಪೋಸ್ಟ್ ಬರೀತಿದ್ದಿಲ್ಲೋ ಏನೋ.

ಯಾಕ ಅಂತ ಹೇಳ್ತೀನಿ ಕೇಳ್ರಿ.

ನಾನು ಕಾಲೇಜೊಂದರ ಆಫೀಸಿನೊಳಗ ಗುಮಾಸ್ತ. ಕಾಲೇಜಿನ ಹೆಸರು ಇಲ್ಲಿ ಬ್ಯಾಡ. ಟಪಾಲು ನನ್ನ ಟೇಬಲ್ಲಿಗೆ ಬರ್ತದ. ದಿಲ್ಲಿಯಿಂದ, ವಿಶ್ವವಿದ್ಯಾಲಯದಿಂದ ಬರೋ ಸುತ್ತೋಲೆ, ಇಮೇಲ್ ಪ್ರಿಂಟ್ ತಗೊಂಡು ಇನ್‌ವರ್ಡ್ ನಂಬರ್ ಹಾಕೋದು ನನ್ನ ಕೆಲಸ. ಈ ಹುಡುಗಿ ನಮ್ಮ ಕಾಲೇಜಿನಾಗ ಬಿಎ ಓದಿದ್ದಳು. ಪಿಎಚ್‌ಡಿಗೆ ಸೇರಿದ ಮ್ಯಾಲೆ ಒಂದು ದಿನ ಬಂದು, "ಕಾಕಾ, ಸಂಶೋಧನಾ ಫೆಲೋಶಿಪ್ಪಿನ ನೋಟಿಸ್ ಏನರ ಬಂದ್ರ ನನಗೊಂದು ಫೋನ್ ಮಾಡ್ರಿ" ಅಂತ ಚೀಟಿಯಾಗ ನಂಬರ್ ಬರೆದುಕೊಟ್ಟು ಹೋದಳು. ಆ ಚೀಟಿ ನನ್ನ ಟೇಬಲ್ಲಿನ ಗಾಜಿನ ಕೆಳಗ ಇಟ್ಟೆ.

ಕೆಲವು ತಿಂಗಳಾದ ಮ್ಯಾಲೆ ಮತ್ತ ಬಂದಳು. ಯಾರೋ ಗೆಳತಿ ಹೇಳಿದ್ಲಂತ, ಡಾಕ್ಟೋರಲ್ ಫೆಲೋಶಿಪ್ಪಿಗೆ ಅರ್ಜಿ ಕರೆದಾರ ಅಂತ. ನಾನು ಇನ್‌ವರ್ಡ್ ರಿಜಿಸ್ಟರ್ ತೆಗೆದು ನೋಡಿದೆ. ನೋಟಿಸ್ ಬಂದಿತ್ತು. ನಂಬರ್ ಹಾಕಿದ್ದೆ. ಸಾಹೇಬರು "ನೋಡಲಾಗಿದೆ, ಕಡತಕ್ಕೆ" ಅಂತ ಬರೆದಿದ್ರು. ಕಡತಕ್ಕ ಹಾಕಿದವನೂ ನಾನ. ಕೊನೇ ದಿನಾಂಕ ಮುಗಿದು ಹನ್ನೊಂದು ದಿನ ಆಗಿತ್ತು. ಆಕಿ ಚೀಟಿ ಗಾಜಿನ ಕೆಳಗ ಹಂಗ ಇತ್ತು.

ನಲವತ್ತು ದಾಟಿದ ವಯಸ್ಸಿನಾಗ, ಇಪ್ಪತ್ತು ವರ್ಷದಿಂದ ಚಳವಳಿ ಚಳವಳಿ ಅಂತ ತಿರುಗಿದವ ನಾನು. ಏಪ್ರಿಲ್ 14ಕ್ಕ ಭಾಷಣ ಮಾಡಾವ. "ಶಿಕ್ಷಣ, ಸಂಘಟನೆ, ಹೋರಾಟ" ಅಂತ ಬ್ಯಾನರ್ ಕಟ್ಟಸಾವ. ನಮ್ಮ ಕೇರಿ ಮಗಳ ಫೆಲೋಶಿಪ್ ನುಂಗಿದ್ದು ಯಾವ ಮನುವಾದಿ ಅಧಿಕಾರಿಯೂ ಅಲ್ಲ, ನನ್ನ ಕೈಬರಹದ ಒಂದು ಸಾಲು. ಇದನ್ನ ಮೊದಲು ಒಪ್ಪಿಕೊಂಡು ಮುಂದಿನದು ಹೇಳ್ತೀನಿ. ಯಾಕಂದ್ರ ಇದು ಒಬ್ಬ ಗುಮಾಸ್ತನ ಮರೆವಿನ ಕಥಿ ಅಷ್ಟ ಆಗಿದ್ರ ಕಾಲು ಹಿಡಿದು ಕ್ಷಮಾ ಕೇಳಿ ಸುಮ್ಮನಾಗ್ತಿದ್ದೆ. ಇದೊಂದು ವ್ಯವಸ್ಥೆ. ನಾನು ಅದರೊಳಗಿನ ಒಂದು ನಟ್ಟು.

ಕೆಲವರು ಅಂತಾರ, "ಈಗ ಎಲ್ಲಾ ಆನ್‌ಲೈನ್ ಐತಲ್ರಿ, ಮೊಬೈಲ್ನಾಗ ನೋಡ್ಕೊಬೇಕು. ಓದಿದ ಹುಡುಗಿಗೆ ಅಷ್ಟೂ ಗೊತ್ತಾಗಲ್ಲೇನು?"

ಗೊತ್ತಾಗಲ್ರಿ. ಹೆಂಗ ಗೊತ್ತಾಗಬೇಕು? ಮೊದಲು ಅಂಥ ಒಂದು ಸಂಸ್ಥೆ ಐತಿ ಅಂತ ತಿಳೀಬೇಕು. ಆಮ್ಯಾಲೆ ಅದರ ವೆಬ್‌ಸೈಟ್ ತಿಳೀಬೇಕು. ಆ ವೆಬ್‌ಸೈಟಿನಾಗ ಇಂಗ್ಲಿಷಿನ ಹತ್ತಾರು ಪುಟದ ಮಾರ್ಗಸೂಚಿ ಓದಿ ತಿಳಕೋಬೇಕು. ಸಿನಾಪ್ಸಿಸ್ ಅಂದ್ರೇನು, ಬಜೆಟ್ ಹೆಂಗ ಬರೀಬೇಕು, ಗೈಡ್ ಕಡಿಂದ ಯಾವ ಪತ್ರ ತರಬೇಕು, ಇದೆಲ್ಲಾ ಯಾರರ ಹೇಳಿಕೊಡಬೇಕು. ದೊಡ್ಡ ಊರಿನ ವಿಶ್ವವಿದ್ಯಾಲಯದಾಗ ಇದನ್ನ ಸೀನಿಯರ್‌ಗಳು ಕ್ಯಾಂಟೀನಿನಾಗ ಚಹಾ ಕುಡಿಯುತ್ತ ಹೇಳ್ತಾರ. ಪ್ರೊಫೆಸರರ ವಾಟ್ಸಾಪ್ ಗುಂಪಿನಾಗ ನೋಟಿಸ್ ಬಂದ ದಿನವೇ ಬೀಳ್ತದ. ಪ್ರೊಫೆಸರರ ಮನಿ ಮಕ್ಕಳಿಗಂತೂ ಊಟದ ಹೊತ್ತಿನಾಗ ಗೊತ್ತಾಗಿರ್ತದ. ನಮ್ಮ ಹುಡುಗಿಗೆ ಯಾರಿಂದ ಗೊತ್ತಾಗಬೇಕು? ಕಬ್ಬಿನ ಗದ್ದಿಯೊಳಗಿನ ಅವ್ವನಿಂದಲೋ, ಗಾಜಿನ ಕೆಳಗ ಚೀಟಿ ಇಟ್ಟ ನನ್ನಿಂದಲೋ?

ಭೂಮಿಗೆ ಜಾತಿ ಐತಿ, ಬಾವಿಗೆ ಜಾತಿ ಐತಿ ಅಂತ ಭಾಷಣ ಮಾಡ್ತೀವಿ. ಸುದ್ದಿಗೂ ಜಾತಿ ಐತ್ರಿ. ಅದು ಊರಾಗ ಮೊದಲು ತಿರುಗಿ, ಮಿಕ್ಕಿದ್ರ ಕೇರಿಗೆ ಬರ್ತದ.

ಈಗ ನಮ್ಮ ನಾಲ್ಕು ತಾಲೂಕಿನ ಮಾತಿಗೆ ಬರ್ತೀನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮಾನತೆ ಕುರಿತು ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಹೇಳಿತು. ಆವಾಗ ನಮ್ಮ ಜಿಲ್ಲೆಯಲ್ಲಿದ್ದದ್ದು ಐದೇ ತಾಲೂಕು. ವಿಜಾಪುರ ತಾಲೂಕು ಬಿಟ್ಟು ಉಳಿದ ನಾಲ್ಕೂ ಆ 39ರ ಪಟ್ಟಿಯೊಳಗ.

ಆ ಹಣೆಪಟ್ಟಿ ಬಂದು ಇಪ್ಪತ್ತು ವರ್ಷದ ಮ್ಯಾಲಾತು. ಅವತ್ತಿಂದ ನಮ್ಮ ನಾಲ್ಕು ತಾಲೂಕು ಸಂಶೋಧಕರಿಗೆ ಒಳ್ಳೆ ಹುಲ್ಲುಗಾವಲು ಆಗ್ಯಾವ. ಬರಗಾಲದ ಅಧ್ಯಯನ, ವಲಸೆಯ ಅಧ್ಯಯನ, ದೇವದಾಸಿ ತಾಯಂದಿರ ಅಧ್ಯಯನ, ಆಲಮಟ್ಟಿ ಹಿನ್ನೀರಿನಾಗ ಮುಳುಗಿದ ಊರುಗಳ ಅಧ್ಯಯನ. ಕಾರು ಬರ್ತದ, ಎರಡು ದಿನ ಕೇರಿಯೊಳಗ ಓಡಾಡ್ತದ, ಹೋಗ್ತದ. ನಮ್ಮ ಅವ್ವಂದಿರು ಚಹಾ ಮಾಡಿ ಕೊಟ್ಟು, ಹೊಟ್ಟಿಯೊಳಗಿನ ಸಂಕಟ ಎಲ್ಲಾ ಹೇಳ್ತಾರ. ನಾನು ಎಷ್ಟೋ ಸಲ ಮುಂದ ನಿಂತು ಮನಿ ತೋರಿಸೀನಿ. ಆದ್ರ ಆ ವರದಿ ಒಂದ ಒಂದು ಪ್ರತಿ ನನ್ನ ಕೇರಿಗೆ ಮರಳಿ ಬಂದಿಲ್ಲ. ಅವ್ವನ ದುಃಖ ಇಂಗ್ಲಿಷಿನ ಅಧ್ಯಾಯ ಆಗಿ, ಯಾರಿಗೋ ಡಾಕ್ಟರೇಟ್ ಆಗಿ, ಪ್ರಮೋಷನ್ ಆಗಿ ಮುಗೀತು.

ಸಂಶೋಧನೆ ಮಾಡಬ್ಯಾಡ್ರಿ ಅಂತ ನಾನು ಅಂತಿಲ್ಲ. ಒಳ್ಳೆ ಮನಸಿನಿಂದ ಬಂದವರನ್ನೂ ನೋಡೀನಿ. ನಾನು ಕೇಳೋದು ಒಂದ. ನಾವು ಯಾವತ್ತೂ ಉತ್ತರ ಹೇಳೋರೇ ಆಗಿರಬೇಕೇನ್ರಿ? ಪ್ರಶ್ನೆ ಬರೆಯೋ ಕೈ ನಮ್ಮದು ಯಾವಾಗ ಆಗಬೇಕು?

ಅದಕ್ಕ ರೊಕ್ಕ ಬೇಕು. ರೊಕ್ಕ ಐತೇನು ಅಂದ್ರ, ಕಾಗದದ ಮ್ಯಾಲೆ ಐತಿ. ಎಲ್ಲೆಲ್ಲಿ ಐತಿ, ಎಲ್ಲೆಲ್ಲಿ ಬಾಗಿಲು ಹಾಕ್ಯಾರ, ಒಂದೊಂದಾಗಿ ಹೇಳ್ತೀನಿ.

ಒಂದು: ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ರಾಷ್ಟ್ರೀಯ ಫೆಲೋಶಿಪ್. 2005-06ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾಗಿದ್ದು. ವರ್ಷಕ್ಕ ಇಡೀ ದೇಶಕ್ಕ 2,000 ಜನರಿಗೆ. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ 42,000. ಕೇಳಿದ್ರ ಹೊಟ್ಟಿ ತುಂಬ್ತದ. ಮೊದಲು ಇದನ್ನ ಎಂಎ ಅಂಕದ ಮ್ಯಾಲೆ ಕೊಡ್ತಿದ್ರು. ಆಮ್ಯಾಲೆ ನೆಟ್ ಪರೀಕ್ಷೆ ಕಡ್ಡಾಯ ಮಾಡಿದ್ರು. ಯುಜಿಸಿ ಕೈಯಿಂದ ತೆಗೆದು ಸಾಲ ಕೊಡೋ ನಿಗಮದ ಕೈಗೆ ಕೊಟ್ರು. ಆ ನಿಗಮದ ಹೆಸರು ರಾಷ್ಟ್ರೀಯ ಪರಿಶಿಷ್ಟ ಜಾತಿ ಹಣಕಾಸು ಮತ್ತು ಅಭಿವೃದ್ಧಿ ನಿಗಮ. ಎಮ್ಮಿ ಸಾಲ, ಆಟೋ ಸಾಲ ಕೊಡೋ ಸಾಲಿನಾಗ ಈಗ ಸಂಶೋಧನೆಯೂ ಬಂದು ನಿಂತೈತಿ.

ಎರಡು: ಆ ನೆಟ್ ಪರೀಕ್ಷೆ. ವರ್ಷಕ್ಕ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿ. ಭಾಷಾ ವಿಷಯಗಳನ್ನ ಬಿಟ್ರ ಪ್ರಶ್ನೆಪತ್ರಿಕೆ ಇರೋದು ಎರಡ ಭಾಷೆಯೊಳಗ, ಇಂಗ್ಲಿಷ್ ಮತ್ತು ಹಿಂದಿ. ಸರಿಯಾಗಿ ಓದ್ರಿ ಇದನ್ನ. ಉತ್ತರ ಪ್ರದೇಶದ ಹುಡುಗ ಸಮಾಜಶಾಸ್ತ್ರದ ನೆಟ್ ತನ್ನ ಮಾತಿನಾಗ ಬರೀತಾನ. ಕನ್ನಡ ಮಾಧ್ಯಮದಾಗ ಎಂಎ ಮುಗಿಸಿದ ಮುದ್ದೇಬಿಹಾಳದ ಹುಡುಗಿ ಅದ ಸಮಾಜಶಾಸ್ತ್ರವನ್ನ ಪರಭಾಷೆಯಾಗ ಬರೀಬೇಕು. ಆಮ್ಯಾಲೆ ಇಬ್ಬರ ಅಂಕವನ್ನ ಒಂದ ತಕ್ಕಡಿಯಾಗ ಹಾಕಿ "ಮೆರಿಟ್" ಅಂತಾರ. ನಮ್ಮ ರಾಜ್ಯದ ಕೆಸೆಟ್ ಪಾಸಾದ್ರ ಉಪನ್ಯಾಸಕರಾಗೋ ಅರ್ಹತೆ ಸಿಗ್ತದ, ಫೆಲೋಶಿಪ್ ಸಿಗಲ್ಲ. ಕನ್ನಡದ ಉಳಿವಿಗೆ ಹೋರಾಡೋ ಎಷ್ಟು ಸಂಘಟನೆ ಅದಾವ ಬೆಂಗಳೂರಾಗ! ಅಂಗಡಿ ಬೋರ್ಡಿಗೆ ಮಸಿ ಬಳಿಯೋರು ಈ ನೆಟ್ ಪ್ರಶ್ನೆಪತ್ರಿಕೆಗೆ ಒಂದು ದಿನ ಧರಣಿ ಕೂತದ್ದು ನಾನು ಕಂಡಿಲ್ಲ.

2024ರ ಜೂನ್ 18ಕ್ಕ ನೆಟ್ ನಡೀತು. 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದ್ರು. ಮರುದಿನ ರದ್ದು ಅಂದ್ರು. ಅಧಿಕಾರಿಗಳಿಗೆ ಅದು ಒಂದು ಪ್ರಕಟಣೆ. ನಮ್ಮ ಹುಡುಗರಿಗೆ ಮತ್ತೊಂದು ಸಲ ಬಸ್ ಚಾರ್ಜು, ಮತ್ತೊಂದು ದಿನದ ಕೂಲಿ, ಮತ್ತೆ ಮನಿಯಾಗ "ಇನ್ನೂ ಎಷ್ಟು ಪರೀಕ್ಷಾ ಬರೀತಿ" ಅನ್ನೋ ಮಾತು.

ಮೂರು: ಐಸಿಎಸ್‌ಎಸ್‌ಆರ್, ಅಂದ್ರ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ. 1969ರಿಂದ ಐತಿ. ದಿಲ್ಲಿಯೊಳಗ ಕಚೇರಿ, ದಕ್ಷಿಣಕ್ಕ ಹೈದರಾಬಾದಿನಾಗ ಕೇಂದ್ರ. ಪಿಎಚ್‌ಡಿ ಮಾಡೋರಿಗೆ ತಿಂಗಳಿಗೆ 20,000 ರೂಪಾಯಿ ಫೆಲೋಶಿಪ್, ಪಿಎಚ್‌ಡಿ ಮುಗಿದವರಿಗೆ ಪೋಸ್ಟ್ ಡಾಕ್ಟೋರಲ್, ಅಧ್ಯಾಪಕರಿಗೆ ದೊಡ್ಡ-ಸಣ್ಣ ಯೋಜನೆ, ವಿಚಾರ ಸಂಕಿರಣಕ್ಕ ಅನುದಾನ, ಸಂಶೋಧನಾ ವಿಧಾನದ ಕಮ್ಮಟ. ಇದರ ನೆರವಿನಿಂದ ನಡೆಯೋ ಎರಡು ಸಂಸ್ಥೆ ನಮ್ಮ ರಾಜ್ಯದಾಗ ಅದಾವ. ಒಂದು ಬೆಂಗಳೂರಿನ ಐಸೆಕ್, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ್ದು. ಇನ್ನೊಂದು ಧಾರವಾಡದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ. ಧಾರವಾಡ ನಮಗ ಒಂದ ಬಸ್ಸಿನ ದಾರಿ. ಆದ್ರ ನಮ್ಮ ನಾಲ್ಕು ತಾಲೂಕಿನ ಡಿಗ್ರಿ ಕಾಲೇಜಿನಾಗ ಹೋಗಿ "ಐಸಿಎಸ್‌ಎಸ್‌ಆರ್ ಅಂದ್ರೇನು" ಅಂತ ನಮ್ಮ ಹುಡುಗರನ್ನ ಕೇಳಿ ನೋಡ್ರಿ. ಐಎಎಸ್, ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಲ್ಲಾ ಗೊತ್ತಿರ್ತದ. ಇದು ಗೊತ್ತಿರಲ್ಲ.

ನಾಲ್ಕು: ಹೊರದೇಶಕ್ಕ ಹೋಗಿ ಓದೋ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ವರ್ಷಕ್ಕ 125 ಸ್ಥಾನ, ಅದರಾಗ 115 ಪರಿಶಿಷ್ಟ ಜಾತಿಗೆ. 2022ರಲ್ಲಿ ಇದರ ನಿಯಮಕ್ಕ ಒಂದು ಸಾಲು ಸೇರಿಸಿದ್ರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ, ಇಂಥ ವಿಷಯಕ್ಕ ಈ ರೊಕ್ಕ ಕೊಡೋದಿಲ್ಲ ಅಂತ. ಅಂದ್ರ ಏನಾತು? ದಲಿತ ಹುಡುಗ ಹೊರದೇಶಕ್ಕ ಹೋಗಿ ಕಂಪ್ಯೂಟರ್ ಓದಬಹುದು, ಕಟ್ಟಡ ಕಟ್ಟೋದು ಓದಬಹುದು, ಜಾತಿ ಬಗ್ಗೆ ಮಾತ್ರ ಓದಬಾರದು. 2025ರಲ್ಲಂತೂ ಆಯ್ಕೆಯಾದ 106 ಮಂದಿಯಾಗ 40 ಮಂದಿಗೆ ಮೊದಲು ಪತ್ರ ಕೊಟ್ಟು, ಉಳಿದ 66 ಮಂದಿಗೆ "ಹಣ ಲಭ್ಯ ಇದ್ರ ನೋಡೋಣ" ಅಂದ್ರು. ಅಲ್ಪಸಂಖ್ಯಾತ ಬಂಧುಗಳ ಮೌಲಾನಾ ಆಜಾದ್ ಫೆಲೋಶಿಪ್ಪನ್ನ 2022ರ ಡಿಸೆಂಬರಿನಾಗ ಪೂರಾ ನಿಲ್ಲಿಸೇ ಬಿಟ್ರು. ಇವತ್ತು ಅವರದು, ನಾಳೆ ನಮ್ಮದು.

ಈಗ ಒಂದು ನೂರು ವರ್ಷ ಹಿಂದಕ್ಕ ಬರ್ರಿ.

1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡ ಮಹಾರಾಜರು ಬಾಬಾಸಾಹೇಬರಿಗೆ ತಿಂಗಳಿಗೆ 11.50 ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಬಾಬಾಸಾಹೇಬರು ಕೊಲಂಬಿಯಾಕ್ಕ ಹೋದರು. 1916ರ ಮೇ ತಿಂಗಳಲ್ಲಿ ಅಲ್ಲಿನ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿ ಹೆಂಗ ಹುಟ್ತದ, ಹೆಂಗ ಹರಡ್ತದ, ಅದು ನಿಂತಿರೋದು ಒಳಮದುವಿ ಮ್ಯಾಲೆ ಅಂತ ಜಗತ್ತಿನ ಮುಂದ ಶಾಸ್ತ್ರೀಯವಾಗಿ ತೋರಿಸಿದರು. ಆವಾಗ ಅವರ ವಯಸ್ಸು 25.

ಈಗ ಹೇಳ್ರಿ, 2022ರ ನಿಯಮ ಅವತ್ತು ಇದ್ದಿದ್ರ? "ವಿಷಯ: ಭಾರತದ ಸಮಾಜ. ಅರ್ಜಿ ತಿರಸ್ಕೃತ" ಅಂತ ಒಬ್ಬ ಗುಮಾಸ್ತ ಬರೆದು ಕಡತಕ್ಕ ಹಾಕ್ತಿದ್ದ. ಒಬ್ಬ ರಾಜ 1913ರಲ್ಲಿ ಕೊಟ್ಟದ್ದನ್ನ, ಬಾಬಾಸಾಹೇಬರು ಬರೆದ ಸಂವಿಧಾನದ ಮ್ಯಾಲೆ ಕೈಯಿಟ್ಟು ಪ್ರಮಾಣ ಮಾಡಿದ ಸರ್ಕಾರ ಕೊಡಾಕ ಒಲ್ಲೆ ಅಂತದ. ಅವರ ಮೂರ್ತಿಗೆ ಮಾಲಿ ಹಾಕ್ತದ, ಅವರು ಓದಿದ ವಿಷಯಕ್ಕ ಬೀಗ ಹಾಕ್ತದ.

ಇನ್ನೊಂದು ಹೆಸರು ಹೇಳಬೇಕು. ಕೃಷ್ಣಾಜಿ ಅರ್ಜುನ ಕೇಳುಸ್ಕರ್. ಮುಂಬೈಯ ಮಾಸ್ತರ್ ಅವರು. ತೋಟದಾಗ ಒಬ್ಬನ ಕೂತು ಓದೋ ಹುಡುಗನ್ನ ಕಂಡು ಮಾತಾಡಿಸಿದವರು, ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಚರಿತ್ರೆ ಕೈಗೆ ಕೊಟ್ಟವರು, ಮುಂದ ಓದಾಕ ರೊಕ್ಕ ಇಲ್ಲ ಅಂದಾಗ ಬರೋಡಾದ ಮಹಾರಾಜರ ತನಕ ಸುದ್ದಿ ಮುಟ್ಟಿಸಿ ತಿಂಗಳಿಗೆ 25 ರೂಪಾಯಿ ವೇತನ ಕೊಡಿಸಿದವರು. ರಾಜನ ಹತ್ತಿರ ರೊಕ್ಕ ಇತ್ತು, ಹುಡುಗನ ಹತ್ತಿರ ಬುದ್ಧಿ ಇತ್ತು. ನಡುವ ಒಬ್ಬ ಕೇಳುಸ್ಕರ್ ಇರದಿದ್ರ ಎರಡೂ ಕೂಡ್ತಿದ್ದಿಲ್ಲ.

ನಾನು ಆ ಹುಡುಗಿಗೆ ಕೇಳುಸ್ಕರ್ ಆಗಬೇಕಿತ್ತು. ಚೀಟಿ ಗಾಜಿನ ಕೆಳಗ ಇಟ್ಟೆ.

ಇದನ್ನೆಲ್ಲಾ ಹೇಳಿದ್ರ ಕೆಲವು ಹಿರಿಯರು ಬ್ಯಾರೆ ಮಾತು ತೆಗೀತಾರ. "ನಮ್ಮ ವಿಜಾಪುರದ ಫ.ಗು. ಹಳಕಟ್ಟಿಯವರು ಯಾವ ಫೆಲೋಶಿಪ್ ತಗೊಂಡಿದ್ರಪ್ಪಾ? ಸ್ವಂತ ಮನಿ ಮಾರಿ ಪ್ರೆಸ್ ಹಾಕಿ ವಚನ ಅಚ್ಚು ಹಾಕಿದ್ರು. ಮನಸ್ಸಿದ್ರ ಮಾರ್ಗ." ಹಳಕಟ್ಟಿಯವರ ಬಗ್ಗೆ ನನಗ ಪೂರಾ ಗೌರವ ಐತಿ. ತಾಳೆಗರಿ ಹುಡುಕಿ ಅವರು ತಿರುಗದಿದ್ರ ಬಾಗೇವಾಡಿಯಾಗ ಹುಟ್ಟಿದ ಬಸವಣ್ಣನ ಮಾತು ನಮ್ಮ ಕೈಗೆ ಇಷ್ಟು ಸಿಗ್ತಿದ್ದಿಲ್ಲ. ಆದ್ರ ಅವರು ವಕೀಲರು. ಮಾರಾಕ ಅವರಿಗೆ ಒಂದು ಮನಿ ಇತ್ತು. ಆ ಹುಡುಗಿ ಏನು ಮಾರಬೇಕ್ರಿ? ಆಶ್ರಯ ಯೋಜನೆಯ ತಗಡಿನ ಮನಿ ಹಕ್ಕುಪತ್ರ ಇನ್ನೂ ಪಂಚಾಯತಿಯಾಗ ಐತಿ. ತ್ಯಾಗ ಮಾಡಾಕೂ ಮೊದಲು ಏನರ ಇರಬೇಕಾಗ್ತದ.

ಇನ್ನು ನಮ್ಮವರ ಕಡೆ ಬರ್ತೀನಿ. ಬೇಜಾರಾದ್ರ ಆಗ್ರಿ.

ನಾವು ಚಳವಳಿಯವರು ಏನು ಮಾಡಾಕತ್ತೀವಿ? ಫ್ಲೆಕ್ಸ್‌ಗೆ ಚಂದಾ ಎತ್ತೋದು ಗೊತ್ತು. ಡಿಜೆಗೆ ಚಂದಾ ಎತ್ತೋದು ಗೊತ್ತು. ಮೂರ್ತಿ ಎಷ್ಟು ಅಡಿ ಇರಬೇಕು ಅಂತ ಜಗಳ ಆಡೋದು ಗೊತ್ತು. ತಹಶೀಲ್ದಾರರಿಗೆ ಮನವಿ ಕೊಟ್ಟು ಫೋಟೋ ಹಾಕೋದು ಗೊತ್ತು. ಒಂದು ಫೆಲೋಶಿಪ್ ಅಧಿಸೂಚನೆಯನ್ನ ಕೂತು ಓದಿ, ಕನ್ನಡದಾಗ ಒಂದು ಪುಟ ಬರೆದು, ಹಾಸ್ಟೆಲ್ಲಿನ ಗ್ವಾಡಿಗೆ ಹಚ್ಚೋದು ಮಾತ್ರ ಗೊತ್ತಿಲ್ಲ. ಹುಡುಗ ಪಿಎಚ್‌ಡಿ ಮಾಡ್ತೀನಿ ಅಂದ್ರ "ಅದರಿಂದ ಹೊಟ್ಟಿ ತುಂಬ್ತದೇನೋ ತಮ್ಮಾ, ಪೊಲೀಸ್ ಕಾನ್‌ಸ್ಟೇಬಲ್ ಅರ್ಜಿ ಹಾಕು" ಅಂತ ಹೇಳೋರೂ ನಾವ. ಹೇಳಿದ್ದು ತಪ್ಪಲ್ಲ, ನೌಕರಿ ಬೇಕು. ಆದ್ರ ಎಲ್ಲರೂ ಕಾನ್‌ಸ್ಟೇಬಲ್ ಆದ್ರ ನಮ್ಮ ಲೆಕ್ಕ ಬರೆಯೋರು ಯಾರು?

ಲೆಕ್ಕದ ಮಾತು ಸಣ್ಣದಲ್ರಿ. ಈ ದೇಶದಾಗ ಪಾಲು ಸಿಗೋದು ಕಣ್ಣೀರಿಗಲ್ಲ, ಅಂಕಿ-ಅಂಶಕ್ಕ. ಹಾವನೂರ ಆಯೋಗ ಸಮೀಕ್ಷೆ ಮಾಡಿ 1975ರಲ್ಲಿ ವರದಿ ಕೊಟ್ಟದ್ದಕ್ಕ ದೇವರಾಜ ಅರಸರು ಹಿಂದುಳಿದವರಿಗೆ ಮೀಸಲಾತಿ ಕೊಡಾಕ ಆತು. ನಂಜುಂಡಪ್ಪ ವರದಿ ಬಂದದ್ದಕ್ಕ ವಿಶೇಷ ಅಭಿವೃದ್ಧಿ ಯೋಜನೆ ಅಂತ ರೊಕ್ಕ ಬಂತು. ಮೊನ್ನೆ ಒಳಮೀಸಲಾತಿ ವಿಚಾರದಾಗ ಏನಾತು ನೋಡಿದ್ರಿ. ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ಕ್ಕ ತೀರ್ಪು ಕೊಟ್ಟಿತು. ದತ್ತಾಂಶ ಇಲ್ಲದೆ ಹಂಚೋ ಹಂಗಿಲ್ಲ. ಅದಕ್ಕ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಿಂದ ಮನಿ ಮನಿ ಸಮೀಕ್ಷೆ ಮಾಡಿಸಿ ಆಗಸ್ಟ್ 4ಕ್ಕ ವರದಿ ಕೊಟ್ಟಿತು. 101 ಜಾತಿ, ಅದರ ಮ್ಯಾಲೆ "ಆದಿ ಕರ್ನಾಟಕ", "ಆದಿ ದ್ರಾವಿಡ" ಅಂತ ಬರೆಸಿದವರ ಮೂಲ ಜಾತಿ ಯಾವುದು ಅನ್ನೋ ಗೊಂದಲ. ಎಡ-ಬಲದ ಜಗಳ ಇಲ್ಲಿ ಬ್ಯಾಡ, ಅದಕ್ಕ ಬ್ಯಾರೆ ಜಾಗ ಐತಿ. ನಾನು ಹೇಳೋದು ಇಷ್ಟ: ನಮ್ಮನ್ನ ನಾವು ಎಣಿಸಿಕೊಂಡಿಲ್ಲ, ನಮ್ಮನ್ನ ನಾವು ಬರೆದುಕೊಂಡಿಲ್ಲ. ಅದಕ್ಕ ಪ್ರತಿ ಸಲ ಯಾರೋ ಬಂದು ಎಣಿಸೋ ತನಕ ಕಾಯಬೇಕು, ಎಣಿಸಿದ ಮ್ಯಾಲೆ ಬಡಿದಾಡಬೇಕು.

ನಂಜುಂಡಪ್ಪ ವರದಿಯೊಳಗೂ ಅಳತೆ ಮಾಡಿದ್ದು ತಾಲೂಕನ್ನ. ತಾಲೂಕಿನ ಸರಾಸರಿಯೊಳಗ ಗೌಡರ ವಾಡೆಯೂ ಐತಿ, ನಮ್ಮ ಕೇರಿಯೂ ಐತಿ. ದ್ರಾಕ್ಷಿ ತೋಟದ ಮಾಲಕರೂ ಅದಾರ, ಅಲ್ಲಿ ಕೂಲಿಗೆ ಹೋಗಾಕಿಯೂ ಅದಾಳ. ಇಂಡಿ ಲಿಂಬಿಗೆ ಜಿಐ ಟ್ಯಾಗ್ ಬಂತು, ಸಂತೋಷ. ಆ ಲಿಂಬಿ ಹರಿಯೋ ಕೈಗೆ ದಿನಕ್ಕ ಏನು ಸಿಗ್ತದ, ಮುಳ್ಳು ಚುಚ್ಚಿದ ಆ ಕೈ ಯಾವ ಜಾತೀದು ಅಂತ ಯಾರು ಬರೆದಾರ? ಹಿಂದುಳಿದ ತಾಲೂಕಿನೊಳಗ ಹಿಂದ ಉಳಿದವರು ಯಾರು ಅನ್ನೋದು ಸರಾಸರಿ ಹೇಳೋದಿಲ್ಲ. ಅದನ್ನ ಹೇಳಬೇಕಾದ್ರ ಕೇರಿ ಒಳಗಿನಿಂದ ಒಬ್ಬ ಸಂಶೋಧಕಿ ಏಳಬೇಕು. ಸಿಂದಗಿ ತಾಲೂಕಿನ ನೆಲ ಎಂ.ಎಂ. ಕಲಬುರ್ಗಿಯವರಂಥ ಸಂಶೋಧಕರನ್ನ ಕೊಟ್ಟ ನೆಲ. ಸಂಶೋಧನೆ ನಮ್ಮ ಮಣ್ಣಿಗೆ ಹೊಸದಲ್ಲ. ಕೇರಿಗೆ ಹೊಸದು.

ಹಂಗಾದ್ರ ನಮ್ಮ ಬೇಡಿಕೆ ಏನು?

ಕೇಂದ್ರಕ್ಕ: ಸಾಗರೋತ್ತರ ವಿದ್ಯಾರ್ಥಿವೇತನದಿಂದ ಆ ವಿಷಯ ನಿರ್ಬಂಧ ತೆಗೀರಿ. ನೆಟ್ ಪ್ರಶ್ನೆಪತ್ರಿಕೆ ಕನ್ನಡದಾಗ ಕೊಡ್ರಿ. ಫೆಲೋಶಿಪ್ ತಿಂಗಳ ತಿಂಗಳ ಕೊಡ್ರಿ, ವರ್ಷಗಟ್ಟಲೆ ಬಾಕಿ ಇಟ್ಟು ಕೊಟ್ರ ಅದು ಸಾಲಗಾರರ ಪಾಲು, ಸಂಶೋಧಕರ ಪಾಲಲ್ಲ. ಅರ್ಜಿಯನ್ನ ಮಾತೃಭಾಷೆಯೊಳಗ ತಗೊಳ್ಳಾಕ ಆಗಲ್ಲ ಅನ್ನಬ್ಯಾಡ್ರಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್ ಅನ್ನೋ ಖಾಸಗಿ ಸಂಸ್ಥೆ ಕಲೆ-ಸಂಸ್ಕೃತಿಯ ಸಂಶೋಧನೆಗೆ ಯಾವ ಭಾರತೀಯ ಭಾಷೆಯೊಳಗ ಅರ್ಜಿ ಬರೆದ್ರೂ ತಗೊಳ್ತದ. ಒಂದು ಸಣ್ಣ ಸಂಸ್ಥೆಗೆ ಆಗೋದು ಇಷ್ಟು ದೊಡ್ಡ ಸರ್ಕಾರಕ್ಕ ಯಾಕ ಆಗೋದಿಲ್ಲ?

ರಾಜ್ಯಕ್ಕ: ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಐತಿ. 2024-25ರಲ್ಲಿ ಅದರ 14,000 ಕೋಟಿಗೂ ಹೆಚ್ಚು ರೊಕ್ಕ ಗ್ಯಾರಂಟಿ ಯೋಜನೆಗಳಿಗೆ ತೋರಿಸಿದ್ರಿ. ಅದೇ ಲೆಕ್ಕದಾಗ ಅತ್ಯಂತ ಹಿಂದುಳಿದ 39 ತಾಲೂಕಿನ ಪರಿಶಿಷ್ಟ ಸಂಶೋಧಕರಿಗೆ ಅಂತ ಒಂದು ಪ್ರತ್ಯೇಕ ಫೆಲೋಶಿಪ್ ಇಡ್ರಿ. ತಾಲೂಕು ಸಮಾಜ ಕಲ್ಯಾಣ ಕಚೇರಿಯೊಳಗ ಎಲ್ಲ ಸಂಶೋಧನಾ ವೇತನಗಳ ವರ್ಷದ ಕ್ಯಾಲೆಂಡರ್ ಕನ್ನಡದಾಗ ಹಚ್ಚಸ್ರಿ.

ಸಂಶೋಧನೆಗೆ ಅಂತ ನಮ್ಮ ಕೇರಿಗೆ ಬರೋ ಎಲ್ಲರಿಗೂ: ನಮ್ಮ ಓದಿದ ಮಕ್ಕಳನ್ನ ಬರೀ ಫಾರ್ಮ್ ತುಂಬೋ ಕೂಲಿ ಮಾಡಬ್ಯಾಡ್ರಿ. ಸಹ ಸಂಶೋಧಕರು ಅಂತ ಹೆಸರು ಹಾಕ್ರಿ. ಮುಗಿದ ಮ್ಯಾಲೆ ವರದಿಯ ಸಾರಾಂಶ ಕನ್ನಡದಾಗ ಗ್ರಾಮ ಪಂಚಾಯತಿಗೂ, ಕೇರಿಗೂ ಕೊಡ್ರಿ. ಇಲ್ಲಾಂದ್ರ ಇನ್ನ ಮುಂದ ಮನಿ ತೋರಿಸಾಕ ನಾನು ಬರೋದಿಲ್ಲ.

ಬೇಡಿಕೆ ಈಡೇರೋ ತನಕ ಕೈ ಕಟ್ಟಿ ಕೂಡೋದೂ ಬ್ಯಾಡ. ನಾವು ಮಾಡೋ ಕೆಲಸ ಐತಿ. ಪ್ರತಿ ತಿಂಗಳು ಎರಡನೇ ರವಿವಾರ ಮುಂಜಾನೆ, ನಾಲ್ಕೂ ತಾಲೂಕಿನ ಅಂಬೇಡ್ಕರ್ ಭವನದಾಗ ಎರಡು ತಾಸು. ಒಂದೊಂದು ತಾಲೂಕಿಗೆ ಇಬ್ಬರು ಬೇಕು. ಒಬ್ಬರು ಅಧಿಸೂಚನೆ ಓದಿ ಕನ್ನಡ ಮಾಡೋರು, ಇನ್ನೊಬ್ಬರು ಹಾಸ್ಟೆಲ್, ಕಾಲೇಜಿಗೆ ಮುಟ್ಟಿಸೋರು. ಎಂಎ ಮಾಡೋ ನಮ್ಮ ಹುಡುಗ-ಹುಡುಗಿಯರ ಪಟ್ಟಿ ಮಾಡೋಣ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಿಂದ ತೆಗೆಸಿ ಇಡಸೋಣ. ಆಧಾರ್, ಮಾರ್ಕ್ಸ್‌ಕಾರ್ಡ್, ಜಾತಿ ಪ್ರಮಾಣಪತ್ರ ಮೂರರಾಗೂ ಹೆಸರಿನ ಸ್ಪೆಲ್ಲಿಂಗ್ ಒಂದ ಐತೇನು ನೋಡೋಣ. ಗುಮಾಸ್ತನ ಅನುಭವದಿಂದ ಹೇಳ್ತೀನಿ, ಬುದ್ಧಿ ಕಡಿಮಿ ಆಗಿ ಬಿದ್ದ ಅರ್ಜಿಗಿಂತ ಒಂದು ಅಕ್ಷರ ಹೆಚ್ಚು-ಕಡಿಮಿ ಆಗಿ ಬಿದ್ದ ಅರ್ಜಿ ನಾನು ಜಾಸ್ತಿ ನೋಡೀನಿ. ನಮ್ಮ ಪೈಕಿ ಪ್ರೊಫೆಸರ್ ಆದವರು, ಪಿಎಚ್‌ಡಿ ಮುಗಿಸಿದವರು ಈಗ ದೊಡ್ಡ ಊರಾಗ ಅದೀರಿ. ನಿಮ್ಮ ಮೆಟ್ಟಿಲು ಮ್ಯಾಲೆ ಎಳಕೋಬ್ಯಾಡ್ರಿ. ನೀವು ಬರೆದು ಗೆದ್ದ ಒಂದೊಂದು ಸಂಶೋಧನಾ ಪ್ರಸ್ತಾವನೆ ಕೊಡ್ರಿ, ಮಕ್ಕಳಿಗೆ ಮಾದರಿ ಅಂತ ತೋರಸ್ತೀವಿ. ವರ್ಷಕ್ಕ ಒಂದು ರವಿವಾರ ಬಂದು ಹೇಳಿಕೊಡ್ರಿ. ಬಸ್ ಚಾರ್ಜು ನಾವು ಕೊಡ್ತೀವಿ, ಊಟ ನಮ್ಮ ಮನಿಯಾಗ.

ನನ್ನ ಮಟ್ಟಿಗೆ ಹೇಳೋದಾದ್ರ, ಟೇಬಲ್ಲಿಗೆ ಬರೋ ಇಂಥ ಪ್ರತಿ ನೋಟಿಸನ್ನ ಬಂದ ದಿನವೇ ಫೋಟೋ ತೆಗೆದು, ಕೆಳಗ ಕನ್ನಡದಾಗ ನಾಲ್ಕು ಸಾಲು ಬರೆದು ಇಲ್ಲಿ ಹಾಕ್ತೀನಿ. ಯಾರಿಗೆ, ಎಷ್ಟು, ಕೊನೇ ದಿನಾಂಕ ಯಾವತ್ತು, ಏನೇನು ಕಾಗದ ಬೇಕು. ಇವು ಸಾರ್ವಜನಿಕ ನೋಟಿಸ್, ಮುಚ್ಚಿಡೋ ಗುಟ್ಟಲ್ಲ. ಮುಚ್ಚಿಟ್ಟಿದ್ದ ತಪ್ಪು.

ರವಿವಾರ ಆ ಹುಡುಗಿ ಪ್ರಶ್ನೆಗೆ ಉತ್ತರ ಕೊಟ್ಟೆ. ನಮ್ಮ ಮನಿಯಿಂದ ದುಡಿಯಾಕ ಹೋದವರು ಮೂರು ಮಂದಿ, ತಮ್ಮ, ಅವನ ಹೆಂಡತಿ, ದೊಡ್ಡಪ್ಪನ ಮಗ. ಆಕಿ ಟ್ಯಾಬಿನಾಗ 3 ಅಂತ ಒತ್ತಿದಳು. "ತಮ್ಮನ ಹೆಂಡತಿ ಏನು ಕೆಲಸಕ್ಕ ಹೋಗ್ಯಾಳ್ರಿ, ಕೂಸು ಯಾರ ಹತ್ತಿರ ಬಿಟ್ಟಾಳ?" ಅಂತ ಕೇಳಿದಳು. ಆ ಪ್ರಶ್ನೆ ಫಾರ್ಮಿನಾಗ ಇದ್ದಿಲ್ಲ. ಆಕಿ ತನ್ನ ನೋಟ್‌ಬುಕ್ಕಿನಾಗ ಅದನ್ನ ಬ್ಯಾರೆ ಬರಕೊಂಡಳು.

ಅಂದ್ರ ಆಕಿ ಸಂಶೋಧನೆ ನಿಂತಿಲ್ಲ. ರೊಕ್ಕ ನಿಂತೈತಿ, ಅಷ್ಟ. ಆ ನೋಟ್‌ಬುಕ್ ಪುಸ್ತಕ ಆಗೋದು ಇನ್ನ ಮುಂದ ಆಕಿ ಒಬ್ಬಾಕಿ ಹೊಣಿ ಅಲ್ಲ. ನಿಂತ ಫೀ ಎಷ್ಟು, ನೋಂದಣಿ ಮುಂದುವರಿಸಾಕ ಏನು ಮಾಡಬೇಕು, ಸೋಮವಾರ ಕೇಳಿಕೊಂಡು ಬಂದೀನಿ. ಆಕಿ ಒಪ್ಪಿಗಿ ತಗೊಂಡ ಮ್ಯಾಲೆ ಲೆಕ್ಕ ನಿಮ್ಮ ಮುಂದ ಇಡ್ತೀನಿ. ಈ ವರ್ಷದ ಡಿಜೆ ರೊಕ್ಕದಿಂದ ಅದು ಮುಟ್ಟತದ.

ಬರೀ ಲೈಕ್ ಒತ್ತಿ ಮುಂದ ಹೋಗಬ್ಯಾಡ್ರಿ. ನಿಮ್ಮ ತಾಲೂಕಿನ ಹೆಸರು, ಎರಡನೇ ರವಿವಾರ ಬರ್ತೀರೋ ಇಲ್ಲೋ, ಅಷ್ಟು ಬರೀರಿ.

ಜೈ ಭೀಮ್.